ತೂಕದ ಪಟ್ಟಿಯಿಂದ ತೋಟದ ಪುಸ್ತಕಕ್ಕೆ: ಶಾಲಾ ಕೈತೋಟದ ಬಹುಮಾನ ವಿತರಣೆ, ಒಂದು ಪ್ರಕರಣ ಅಧ್ಯಯನ

ಈ ಪ್ರಕರಣ ಉಡುಪಿ ತಾಲೂಕಿನ ಒಂದು ಸರಕಾರಿ ಪ್ರೌಢಶಾಲೆಯದು. ಗುರುತು ಹತ್ತದಂತೆ ಶಾಲೆ, ಊರು, ವ್ಯಕ್ತಿಗಳ ಹೆಸರು ಬಿಟ್ಟಿದೆ, ಕೆಲವು ವಿವರಗಳನ್ನು ಬದಲಿಸಿದೆ. ಬಿ.ಎಡ್. ಎರಡನೇ ವರ್ಷದ ಪ್ರಶಿಕ್ಷಣಾರ್ಥಿಯೊಬ್ಬರಿಗೆ ಶಾಲಾ ಕೈತೋಟದ ಬಹುಮಾನ ವಿತರಣಾ ಕಾರ್ಯಕ್ರಮದ ಹೊಣೆ ಸಿಕ್ಕಿತ್ತು. ಇಂಟರ್ನ್‌ಶಿಪ್‌ಗೆ ಹೋದವರಿಗೆ ಇಂಥ ಕೆಲಸ ಬರುವುದು ಹೊಸತಲ್ಲ. ವೇದಿಕೆ, ಮೈಕು, ಶಾಲು, ನಿರೂಪಣೆ ಇವನ್ನೆಲ್ಲ ಶಾಲೆಯಲ್ಲಿ ಯಾರಾದರೂ ಹೇಳಿಕೊಡುತ್ತಾರೆ. ಬಹುಮಾನ ಯಾರಿಗೆ, ಯಾತಕ್ಕೆ ಎಂದು ತೀರ್ಮಾನಿಸುವುದು ಹೇಗೆಂದು ಹೇಳಿಕೊಡುವವರು ಕಡಿಮೆ. ಹಾಗಾಗಿ ಈ ಬರಹ ಹೆಚ್ಚು ಹೊತ್ತು ನಿಲ್ಲುವುದು ಆ ತೀರ್ಮಾನದ ಹತ್ತಿರವೇ.

ಹಿನ್ನೆಲೆ

ಶಾಲೆ ಇರುವುದು ಹೆದ್ದಾರಿಯಿಂದ ಮೂಡಕ್ಕೆ, ಮುರಕಲ್ಲಿನ (ಜಂಬಿಟ್ಟಿಗೆಯ) ದಿಬ್ಬದ ಮೇಲೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಈ ಕರಾವಳಿಯಲ್ಲಿ ಮಣ್ಣಿನ ಸುಣ್ಣದಂಶ ತೊಳೆದುಹೋಗಿ ನೆಲ ಹುಳಿಯಾಗಿರುತ್ತದೆ. ಹಾಗೆಂದು ಸೆಪ್ಟೆಂಬರ್ ಕೊನೆಯಲ್ಲೇ ಮಡಿಗಳಿಗೆ ಚದರ ಮೀಟರಿಗೆ 50 ಗ್ರಾಂ ಲೆಕ್ಕದಲ್ಲಿ ಚಿಪ್ಪು ಸುಣ್ಣ ಬೆರೆಸಿ, ಮೂರು ವಾರ ಬಿಟ್ಟು ಮಡಿಗೊಂದು ಬುಟ್ಟಿ ಹಟ್ಟಿಗೊಬ್ಬರ ಹಾಕಿದ್ದರು. ಸುಣ್ಣ ಮತ್ತು ಗೊಬ್ಬರವನ್ನು ಒಟ್ಟಿಗೇ ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ನಡುವೆ ಅಂತರ ಬಿಟ್ಟದ್ದು ಅದಕ್ಕೆ.

ತೋಟ ಮೂರು ಸೆಂಟ್ಸ್. ಒಂಬತ್ತನೇ ತರಗತಿಯ 42 ಮಕ್ಕಳು, ಆರಾರು ಮಂದಿಯ ಏಳು ತಂಡ, ತಂಡಕ್ಕೆ 10 ಅಡಿ ಉದ್ದ ಮೂರೂವರೆ ಅಡಿ ಅಗಲದ ಎರಡು ಏರುಮಡಿ. ಬೆಳೆದ ತರಕಾರಿ ಅಕ್ಷರ ದಾಸೋಹದ ಅಡುಗೆಮನೆಗೆ ಹೋಗುತ್ತಿತ್ತು. ಕೇಂದ್ರ ಸರಕಾರ 2019ರಲ್ಲಿ ಹೊರಡಿಸಿದ ಶಾಲಾ ಪೌಷ್ಟಿಕ ತೋಟದ ಮಾರ್ಗಸೂಚಿಯ ಆಶಯವೂ ಇದೇ: ಮಕ್ಕಳು ಬೆಳೆದದ್ದು ಮಕ್ಕಳ ಬಟ್ಟಲಿಗೆ.

ಬಿ.ಎಡ್. ಕೋರ್ಸಿನ ಅವಧಿ ಎರಡು ವರ್ಷಕ್ಕೆ ಏರಿದ ಮೇಲೆ ಇಂಟರ್ನ್‌ಶಿಪ್ ಒಟ್ಟು 20 ವಾರ, ಅದರಲ್ಲಿ 16 ವಾರ ಎರಡನೇ ವರ್ಷದಲ್ಲಿ. ಈ ಪ್ರಶಿಕ್ಷಣಾರ್ಥಿ ಸೆಪ್ಟೆಂಬರ್ ಮೊದಲ ವಾರದಿಂದ ಡಿಸೆಂಬರ್ ಕೊನೆಯವರೆಗೆ ಶಾಲೆಯಲ್ಲಿದ್ದರು. ಇವರ ಬೋಧನಾ ವಿಷಯ ಜೀವವಿಜ್ಞಾನ. ಮಾರ್ಗದರ್ಶಕಿಯಾಗಿದ್ದ ವಿಜ್ಞಾನ ಶಿಕ್ಷಕಿಯೇ ತೋಟವನ್ನು ನೋಡಿಕೊಳ್ಳುತ್ತಿದ್ದರು.

ತೊಡಕು ಎಲ್ಲಿತ್ತು

ಮೊದಲು ದಿನಾಂಕ ನಿಗದಿಯಾಯಿತು, ಬೆಳೆಯ ಲೆಕ್ಕ ಆಮೇಲೆ ಬಂತು. ಡಿಸೆಂಬರ್ 23, ಚೌಧರಿ ಚರಣ್ ಸಿಂಗ್ ಅವರ ಜನ್ಮದಿನ, ರಾಷ್ಟ್ರೀಯ ರೈತರ ದಿನ. ಅಂದೇ ಬಹುಮಾನ ವಿತರಣೆ ಎಂದು ಮುಖ್ಯ ಶಿಕ್ಷಕರು ಜೂನ್‌ನಲ್ಲೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಹೇಳಿದ್ದರು. ಬಿತ್ತನೆ ಆದದ್ದು ದಸರಾ ರಜೆ ಕಳೆದು, ಅಕ್ಟೋಬರ್ ಮೂರನೇ ವಾರದಲ್ಲಿ. ರಜೆಗೆ ಮೊದಲು ಬಿತ್ತಿದ್ದರೆ ಎಳೆ ಸಸಿಗೆ ನೀರು ಹಾಕುವವರಿರುತ್ತಿರಲಿಲ್ಲ. ಆ ನಿರ್ಧಾರ ಸರಿಯೇ. ಆದರೆ ಬಿತ್ತನೆಯಿಂದ ಕಾರ್ಯಕ್ರಮಕ್ಕೆ ಉಳಿದದ್ದು ಒಂಬತ್ತು ವಾರ ಮಾತ್ರ.

ಒಂಬತ್ತು ವಾರದಲ್ಲಿ ಹರಿವೆ ಎರಡು ಸಲ ಕೊಯ್ಲಿಗೆ ಬರುತ್ತದೆ, ಮೊದಲ ಕೊಯ್ಲು 25–30 ದಿನಕ್ಕೇ. ಬೆಂಡೆ 45–50 ದಿನಕ್ಕೆ ಕಾಯಿ ಕೊಡಲು ಶುರು, ಅಲಸಂದೆಯೂ ಹತ್ತಿರ ಹತ್ತಿರ ಅಷ್ಟೇ. ಗುಳ್ಳ ಬದನೆ ಹಾಗಲ್ಲ. ಸಸಿ ಮಡಿಯಲ್ಲೇ ಒಂದು ತಿಂಗಳು, ನಾಟಿ ಮಾಡಿದ ಮೇಲೆ ಕಾಯಿಗೆ ಮತ್ತೆರಡು ತಿಂಗಳು. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಮಟ್ಟುಗುಳ್ಳದ ಮೇಲಿನ ಅಭಿಮಾನದಿಂದ ಐದನೇ ತಂಡ ಗುಳ್ಳವನ್ನು ಆರಿಸಿಕೊಂಡಿತ್ತು. ಡಿಸೆಂಬರ್ 23ಕ್ಕೆ ಅವರ ಗಿಡದಲ್ಲಿ ಮೊಗ್ಗು ಬಿಟ್ಟು ಬೇರೇನೂ ಇರಲು ಸಾಧ್ಯವಿಲ್ಲ ಎಂದು ಬಿತ್ತುವಾಗ ಯಾರೂ ಲೆಕ್ಕ ಹಾಕಲಿಲ್ಲ.

ಹಿಂದಿನ ವರ್ಷಗಳ ರೂಢಿಯಂತೆ ಹೆಚ್ಚು ಕಿಲೋ ತರಕಾರಿ ಕೊಟ್ಟ ತಂಡಕ್ಕೆ ಪ್ರಥಮ. ಊರಿನ ದಾನಿಯೊಬ್ಬರು ತಾಯಿಯ ಸ್ಮರಣಾರ್ಥ 5,000 ರೂಪಾಯಿ ಕೊಡುತ್ತಿದ್ದರು. ಅದು 2,500, 1,500, 1,000 ಎಂದು ಮೂರು ತಂಡಗಳಿಗೆ ನಗದಾಗಿ ಹೋಗುತ್ತಿತ್ತು. ನವೆಂಬರ್ ಮೂರನೇ ವಾರದಲ್ಲಿ ಪ್ರಶಿಕ್ಷಣಾರ್ಥಿ ತೂಕದ ಪಟ್ಟಿ ಮಾಡಲು ಕುಳಿತಾಗ ಮೂರು ಸಂಗತಿ ಕಣ್ಣಿಗೆ ಬಿದ್ದವು. ನಳ್ಳಿಯ ಪಕ್ಕದ ಒಂದನೇ ತಂಡ ಹರಿವೆಯಿಂದ ಆಗಲೇ ತುಂಬಾ ಮುಂದಿತ್ತು, ಬೇರೆಯವರ ಕೊಯ್ಲು ಆರಂಭವೇ ಆಗಿರಲಿಲ್ಲ. ಮೂರನೇ ತಂಡದ ಮಡಿಗಳಿಗೆ ಮಾವಿನ ಮರದ ನೆರಳು, ಅರ್ಧ ಅಡಿ ಅಗೆದರೆ ಮುರಕಲ್ಲು. ಇವೆರಡಕ್ಕಿಂತಲೂ ಇಕ್ಕಟ್ಟಿನದು ಮೂರನೆಯದು: ಕೊಯ್ದ ಸೊಪ್ಪು ಎಷ್ಟೋ ಬೆಳಗ್ಗೆ ತೂಕಕ್ಕೆ ಹೋಗದೆ ನೇರ ಅಡುಗೆಮನೆ ಸೇರಿತ್ತು.

ಮಾಡಿ ನೋಡಿದ್ದು

ಮೊದಲು ತೂಕವನ್ನು ಹಣಕ್ಕೆ ಪರಿವರ್ತಿಸುವ ಯೋಚನೆ ಬಂತು. ಒಂದು ಕಿಲೋ ಮುಳ್ಳುಸೌತೆಗೂ ಒಂದು ಕಿಲೋ ಅಲಸಂದೆಗೂ ಹೋಲಿಕೆ ಇಲ್ಲವಲ್ಲ, ಸಂತೆಯ ದರ ಹಿಡಿದು ಗುಣಿಸಿದರೆ ಸಮವಾದೀತು ಎಂಬ ಎಣಿಕೆ. ಅದು ನಿಲ್ಲಲಿಲ್ಲ. ದರ ವಾರವಾರಕ್ಕೆ ಬದಲಾಗುತ್ತದೆ, ಮೇಲಾಗಿ ನೆರಳಿನ ಮಡಿಯ ಅನ್ಯಾಯ ಹಣದಲ್ಲೂ ಹಾಗೆಯೇ ಉಳಿಯುತ್ತದೆ.

ಎರಡನೆಯದು, ಹೊರಗಿನ ತೀರ್ಪುಗಾರರನ್ನು ಕರೆಸಿ ಒಂದು ದಿನ ಮಡಿ ನೋಡಿ ಅಂಕ ಕೊಡಿಸುವುದು. ಇದರ ಅಭ್ಯಾಸಕ್ಕೆಂದು ಮಾರ್ಗದರ್ಶಕಿ ಒಂದು ಶುಕ್ರವಾರ ತಾವೇ ತೋಟ ನೋಡುವುದಾಗಿ ಮುನ್ನಾ ದಿನ ಘೋಷಿಸಿದರು. ಗುರುವಾರ ಸಂಜೆ ಏಳೂ ತಂಡ ಕಳೆ ಕಿತ್ತು, ಅಂಚು ಕಟ್ಟಿ, ಮಡಿಯನ್ನು ಮದುವೆಮನೆಯ ಅಂಗಳದಂತೆ ಮಾಡಿಟ್ಟವು. ಶುಕ್ರವಾರ ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ ಅಂಕ. ಹೇಳದೆ ಹೋಗಿ ನೋಡಿದರೆ ಮಾತ್ರ ಮಡಿಯ ನಿಜಸ್ಥಿತಿ ಗೊತ್ತಾಗುತ್ತದೆ ಎಂಬುದು ಆ ದಿನ ಖಚಿತವಾಯಿತು.

ಪ್ರಕರಣ ತಿರುವು ತೆಗೆದುಕೊಂಡದ್ದು ಮೂರನೇ ತಂಡದ ನೋಟ್‌ಬುಕ್ಕಿನಿಂದ. ನವೆಂಬರ್ ಎರಡನೇ ವಾರದಲ್ಲಿ ಆ ತಂಡದ ವಿದ್ಯಾರ್ಥಿನಿಯೊಬ್ಬಳು ಬೆಂಡೆಯ ಎಳೆ ಎಲೆಗಳ ನರ ಹಳದಿಗೆ ತಿರುಗಿದ್ದನ್ನು ಗಮನಿಸಿ ಚಿತ್ರ ಬರೆದಿಟ್ಟಿದ್ದಳು. ಅದು ಹಳದಿ ನಂಜುರೋಗ. ವೈರಸ್‌ನಿಂದ ಬರುತ್ತದೆ, ಬಿಳಿನೊಣ ಹರಡುತ್ತದೆ, ತಗುಲಿದ ಗಿಡಕ್ಕೆ ಮದ್ದಿಲ್ಲ. ಎಳೆಯದರಲ್ಲೇ ತಗುಲಿದರೆ ಆ ಗಿಡದಿಂದ ಬೆಳೆ ಸಿಗುವುದೂ ಅಷ್ಟಕ್ಕಷ್ಟೆ. ಮಾಡಲು ಉಳಿಯುವುದು ಎರಡೇ: ರೋಗದ ಗಿಡ ಕಿತ್ತು ತೋಟದಿಂದ ಹೊರಗೆ ಸುಡುವುದು ಅಥವಾ ಹೂಳುವುದು, ಉಳಿದ ಗಿಡಗಳ ಎತ್ತರಕ್ಕೆ ಹಳದಿ ಅಂಟುಹಾಳೆ ತೂಗುಹಾಕುವುದು. ಮಕ್ಕಳು 40 ಗಿಡಗಳಲ್ಲಿ 17ನ್ನು ಕಿತ್ತರು. ಪಕ್ಕದಲ್ಲೇ ಬೆಂಡೆ ಹಾಕಿದ್ದ ಏಳನೇ ತಂಡದ ಮಡಿಗೆ ರೋಗ ಎರಡೇ ಗಿಡಕ್ಕೆ ಹತ್ತಿತು. ಆದರೂ ತೂಕದ ಪಟ್ಟಿಯಲ್ಲಿ ಏಳನೇ ತಂಡ ಮೂರನೇ ತಂಡಕ್ಕಿಂತ ಮೇಲೆ ಬರುವಂತಿತ್ತು.

ಮಾರ್ಗದರ್ಶಕಿ ನೋಟ್‌ಬುಕ್ ಮುಚ್ಚಿ, "ಈ ತಂಡಕ್ಕೆ ನಿಮ್ಮ ಪಟ್ಟಿಯಲ್ಲಿ ಎಲ್ಲಿ ಜಾಗ ಉಂಟು ಟೀಚರ್?" ಎಂದು ಕೇಳಿದರು. ಕಿಲೋ ಕಾಲಮಿನಲ್ಲಿ ಜಾಗ ಇರಲಿಲ್ಲ.

ಇಲ್ಲಿ ಅಮೆರಿಕದ ಶಾಲಾ ಕೃಷಿ ಶಿಕ್ಷಣದ ಪದ್ಧತಿಯೊಂದು ಕೆಲಸಕ್ಕೆ ಬಂತು. ಅಲ್ಲಿ 1917ರ ಸ್ಮಿತ್-ಹ್ಯೂಸ್ ಕಾಯಿದೆಯಿಂದ ಕೃಷಿ ಶಿಕ್ಷಣಕ್ಕೆ ಕೇಂದ್ರ ಸರಕಾರದ ಹಣ ಬರತೊಡಗಿತು. 1928ರಲ್ಲಿ ಕಾನ್ಸಸ್ ಸಿಟಿಯಲ್ಲಿ ಫ್ಯೂಚರ್ ಫಾರ್ಮರ್ಸ್ ಆಫ್ ಅಮೆರಿಕ, ಈಗ ಎಫ್‌ಎಫ್‌ಎ ಎನ್ನುವ ವಿದ್ಯಾರ್ಥಿ ಸಂಘಟನೆ ಹುಟ್ಟಿತು. ವಿದ್ಯಾರ್ಥಿ ತಾನು ನಡೆಸಿದ ಬೇಸಾಯ ಅಥವಾ ಸಾಕಣೆಯ ಲೆಕ್ಕ, ಖರ್ಚು, ಕೆಲಸದ ಗಂಟೆ ಎಲ್ಲವನ್ನೂ ದಾಖಲೆ ಪುಸ್ತಕದಲ್ಲಿ ಬರೆಯುತ್ತಾನೆ. ಹಲವು ಪ್ರಶಸ್ತಿಗಳು ಆ ಪುಸ್ತಕದ ಮೇಲೆಯೇ ನಿರ್ಧಾರವಾಗುತ್ತವೆ. ವರ್ಷಾಂತ್ಯದ ಪ್ರಶಸ್ತಿ ಸಮಾರಂಭವನ್ನು ವಿದ್ಯಾರ್ಥಿ ಪದಾಧಿಕಾರಿಗಳೇ ನಡೆಸುತ್ತಾರೆ. ಅಲ್ಲಿನ ಪ್ರಮಾಣ, ಹಣಕಾಸು ನಮ್ಮದಲ್ಲ. ದಾಖಲೆಯ ಮೇಲೆ ಬಹುಮಾನ, ಮಕ್ಕಳ ಕೈಯಲ್ಲಿ ವೇದಿಕೆ ಎಂಬ ಎರಡು ಅಂಶಗಳನ್ನು ಮಾತ್ರ ಮೂರು ಸೆಂಟ್ಸ್ ತೋಟಕ್ಕೂ ತರಬಹುದು.

ಹೊಸ ಅಂಕಪಟ್ಟಿ 50ರದ್ದು. ತೋಟದ ಪುಸ್ತಕಕ್ಕೆ 15: ದಿನಾಂಕ, ಮಾಡಿದ ಕೆಲಸ, ಕಂಡದ್ದು, ಯಾರು ಮಾಡಿದರು ಎಂಬ ನಾಲ್ಕು ಕಾಲಮು. ಮಡಿಯ ಆರೈಕೆಗೆ 15: ಮುನ್ಸೂಚನೆ ಇಲ್ಲದ ನಾಲ್ಕು ಭೇಟಿಗಳ ಸರಾಸರಿ. ಬಂದ ತೊಂದರೆಯನ್ನು ಗುರುತಿಸಿ ಎದುರಿಸಿದ ಬಗೆಗೆ 10, ಆರು ಮಂದಿಯೂ ಕೆಲಸ ಹಂಚಿಕೊಂಡದ್ದಕ್ಕೆ 10. ಪ್ರಥಮ, ದ್ವಿತೀಯ ಇಲ್ಲ. ಪ್ರತಿ ತಂಡಕ್ಕೆ ಅದು ಹೆಚ್ಚು ಅಂಕ ಪಡೆದ ವಿಭಾಗದ ಗೌರವ. ಪ್ರತಿ ಮಗುವಿಗೆ ತಾನು ಮಾಡಿದ ಒಂದು ಕೆಲಸವನ್ನು ಹೆಸರಿಸುವ ಪ್ರಶಸ್ತಿ ಪತ್ರ.

ಇದನ್ನು ತರಗತಿಯಲ್ಲಿ ಮುಂದಿಟ್ಟಾಗ ಒಂದನೇ ತಂಡದ ಹುಡುಗ ಎದ್ದು, "ಆಟ ಶುರುವಾದ ಮೇಲೆ ರೂಲ್ಸ್ ಬದಲಾಯಿಸಿದರೆ ಹೇಗೆ ಟೀಚರ್? ನಾವು ಕೆಜಿ ಲೆಕ್ಕ ಅಂತ ಹರಿವೆ ಹಾಕಿದ್ದು" ಎಂದ. ನ್ಯಾಯದ ಪ್ರಶ್ನೆ. ಒಳ್ಳೆಯ ಉದ್ದೇಶದ ಬದಲಾವಣೆ ಕೂಡ ನಿಯಮ ನಂಬಿ ದುಡಿದವರಿಗೆ ಮೋಸವಾಗಬಾರದು. ಅಲ್ಲೇ ಚರ್ಚಿಸಿ, ಅಡುಗೆಮನೆಗೆ ಅತಿ ಹೆಚ್ಚು ತರಕಾರಿ ಕೊಟ್ಟ ತಂಡಕ್ಕೆ ಮೊದಲೇ ಹೇಳಿದಂತೆ ಒಂದು ಬಹುಮಾನ ಉಳಿಸಲಾಯಿತು. ತೂಕ ಪೂರ್ತಿ ಹೋಗಲಿಲ್ಲ, ಹಲವು ಅಳತೆಗಳಲ್ಲಿ ಒಂದಾಯಿತು. ಈ ರಾಜಿ ಇಲ್ಲದಿದ್ದರೆ ಉಳಿದ ನಾಲ್ಕು ವಾರ ಆರು ಮಕ್ಕಳು ತೋಟಕ್ಕೆ ಮುಖ ತಿರುಗಿಸುತ್ತಿದ್ದರೇನೋ.

ಹಾಗಾದರೆ ತೂಗದೆ ಹೋದ ಸೊಪ್ಪಿನ ಲೆಕ್ಕ? ಅಡುಗೆಯ ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ದಿನದ ಚೌಕದೊಳಗೆ "ಹರಿವೆ 4 ಕಟ್ಟು", "ಮೂಲಂಗಿ ಸಣ್ಣ ಬುಟ್ಟಿ" ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದರು, ಮಾರನೆಯ ದಿನದ ಸಾಂಬಾರಿಗೆ ಏನು ತರಿಸಬೇಕೆಂದು ನೆನಪಿರಲಿ ಅಂತ. ಅಂಥದೇ ಐದು ಕಟ್ಟು ತೂಗಿ ಸರಾಸರಿ ತೆಗೆದು ಹಳೆಯ ದಿನಗಳ ಲೆಕ್ಕ ಭರ್ತಿ ಮಾಡಿದರು. ಶಾಲೆಯಲ್ಲಿ ಯಾವುದಾದರೂ ದಾಖಲೆ ಕಾಣೆಯಾದರೆ ಕಚೇರಿಗಿಂತ ಮೊದಲು ಆ ವಸ್ತು ದಿನವೂ ಯಾರ ಕೈ ದಾಟಿ ಹೋಗುತ್ತದೋ ಅವರನ್ನು ಕೇಳುವುದು ಒಳ್ಳೆಯದು.

ದಾನಿಯನ್ನು ಒಪ್ಪಿಸುವ ಕೆಲಸ ಮುಖ್ಯ ಶಿಕ್ಷಕರದು. ಪ್ರಶಿಕ್ಷಣಾರ್ಥಿ ಈ ಮಾತುಕತೆಗೆ ಕೈ ಹಾಕದೆ ಇದ್ದದ್ದು ವಿವೇಕ. ನಾಲ್ಕು ತಿಂಗಳಿಗೆ ಬಂದವರು ಊರಿನ ಹಳೆಯ ಸಂಬಂಧದ ನಡುವೆ ಹೋಗಬಾರದು. ಮುಖ್ಯ ಶಿಕ್ಷಕರು ಮೂರನೇ ತಂಡದ ನೋಟ್‌ಬುಕ್ ಹಿಡಿದುಕೊಂಡು ದಾನಿಯ ಮನೆಗೆ ಹೋದರು. ನಗದಿನ ಬದಲು ಏಳು ತಂಡಗಳಿಗೂ ಒಂದೊಂದು ಸಣ್ಣ ಹಾರೆ, ಒಂದೊಂದು ನೀರು ಹಾಕುವ ಝಾರಿ. ತಾಯಿಯ ಹೆಸರು ಪ್ರತಿ ಝಾರಿಯ ಮೇಲೆ ಬರೆಯಿಸುವುದು, ವೇದಿಕೆಯಲ್ಲೂ ಹೇಳುವುದು. ದಾನಿಗೆ ಬೇಕಾಗಿದ್ದುದು ತಾಯಿಯ ಹೆಸರು ಶಾಲೆಯಲ್ಲಿ ಉಳಿಯುವುದು, ಪ್ರಥಮ ದ್ವಿತೀಯದ ಹಟ ಅವರಿಗಿರಲಿಲ್ಲ.

ಕಾರ್ಯಕ್ರಮದ ತಯಾರಿ

ಆಹ್ವಾನಪತ್ರ ಅಚ್ಚು ಹಾಕಿಸಲಿಲ್ಲ. ಸರಕಾರಿ ಶಾಲೆಯ ಅಚ್ಚಾದ ಆಹ್ವಾನಪತ್ರ ಎಂದರೆ ಜನಪ್ರತಿನಿಧಿಗಳ ಹೆಸರು, ಕ್ರಮ, ಶಿಷ್ಟಾಚಾರ ಎಲ್ಲ ನೋಡಬೇಕು, ವೇದಿಕೆಯಲ್ಲಿ ಹತ್ತು ಕುರ್ಚಿ ಹಾಕಬೇಕು. ಶಾಲೆಯೊಳಗಿನ ಕಾರ್ಯಕ್ರಮವೆಂದು ಉಳಿಸಿಕೊಂಡು ಮಕ್ಕಳ ಕೈಬರಹದ ಕಾಗದವನ್ನು ಮನೆಗಳಿಗೆ ಕಳಿಸಿದರು. ಅತಿಥಿಗಳು ಮೂವರು: ಎಸ್‌ಡಿಎಂಸಿ ಅಧ್ಯಕ್ಷರು, ದಾನಿ, ರೈತ ಸಂಪರ್ಕ ಕೇಂದ್ರದ ಒಬ್ಬ ಅಧಿಕಾರಿ.

ಸಮಯದ ಲೆಕ್ಕವನ್ನು ನಿಮಿಷಕ್ಕೆ ಇಳಿಸಿದ್ದು ಉಪಯೋಗಕ್ಕೆ ಬಂತು. ತೋಟದ ಸುತ್ತು ತಂಡಕ್ಕೆ 4 ನಿಮಿಷದಂತೆ 28. ಉದ್ಘಾಟನೆ 5. ಪ್ರಶಸ್ತಿ ಪತ್ರ ಓದಿ ಕೊಡಲು ಮಗುವಿಗೆ 35 ಸೆಕೆಂಡಿನಂತೆ ಸುಮಾರು 25. ಅತಿಥಿಗಳಿಗೆ ಐದೈದು, ವಂದನಾರ್ಪಣೆ 5. ಒಟ್ಟು 78, ಹೆಚ್ಚುಕಡಿಮೆಗೆ 12. ಮಧ್ಯಾಹ್ನ 2.30ಕ್ಕೆ ಶುರುವಾದರೆ 4ಕ್ಕೆ ಮುಗಿದು ಮಕ್ಕಳಿಗೆ ದಿನದ ಬಸ್ಸು ಸಿಗುತ್ತದೆ. ಶಾಲಾ ಕಾರ್ಯಕ್ರಮಗಳಲ್ಲಿ ಮೊದಲು ಹಿಗ್ಗುವುದು ಭಾಷಣ, ಕೊನೆಗೆ ಕುಗ್ಗುವುದು ಮಕ್ಕಳ ಬಹುಮಾನ. ಅದಕ್ಕಾಗಿ ಬಹುಮಾನವನ್ನು ಭಾಷಣಗಳಿಗಿಂತ ಮೊದಲಿಗೆ ಇಟ್ಟರು. ತೋಟದ ಸುತ್ತಿಗೆ ಎಂಟನೇ ತರಗತಿಯವರನ್ನು ಮಾತ್ರ ಜೊತೆಗೆ ಕರೆದರು. ಇಡೀ ಶಾಲೆ ನುಗ್ಗಿದರೆ ಮಡಿಯ ನಡುವಿನ ಒಂದೂವರೆ ಅಡಿ ದಾರಿಯಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ, ಮೇಲಾಗಿ ಬರುವ ವರ್ಷದ ತೋಟ ಎಂಟನೆಯವರದೇ.

ಪ್ರಶಸ್ತಿ ಪತ್ರಗಳ 42 ವಾಕ್ಯಗಳು ದೊಡ್ಡ ಕೆಲಸ. ಪ್ರಶಿಕ್ಷಣಾರ್ಥಿ ಒಂದು ಕಟ್ಟಳೆ ಇಟ್ಟುಕೊಂಡರು: ವಾಕ್ಯದಲ್ಲಿ ಒಂದು ಕ್ರಿಯೆ, ಒಂದು ವಸ್ತು, ಸಾಧ್ಯವಾದರೆ ಒಂದು ಸಂಖ್ಯೆ ಇರಬೇಕು. "ಬೆಂಡೆಯ ಹಳದಿ ನಂಜುರೋಗವನ್ನು ತೋಟದಲ್ಲಿ ಮೊದಲು ಗುರುತಿಸಿದ್ದಕ್ಕೆ." "ಹಣ್ಣುನೊಣ ಕುಟುಕದಂತೆ 23 ಹೀರೆ ಮಿಡಿಗಳಿಗೆ ಕಾಗದದ ಚೀಲ ಕಟ್ಟಿದ್ದಕ್ಕೆ." ಗದಗದ ಕಡೆಯಿಂದ ಕೂಲಿಗೆ ಬಂದ ಕುಟುಂಬದ ಹುಡುಗನೊಬ್ಬ ಅಲಸಂದೆ ಬೀಜವನ್ನು ಸಗಣಿ ನೀರಿನಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ ಬಿತ್ತುವುದನ್ನು ತಂಡಕ್ಕೆ ತೋರಿಸಿಕೊಟ್ಟಿದ್ದ, ಅವನ ಪತ್ರದಲ್ಲಿ ಅದು ಬಂತು. ತರಗತಿಯಲ್ಲಿ ತುಳು ಬಾರದೆ ಹಿಂದೆ ಸರಿಯುತ್ತಿದ್ದವನಿಗೆ ಬೀಜೋಪಚಾರ ಗೊತ್ತಿದೆ ಎನ್ನುವುದು ತೋಟದ ಪುಸ್ತಕದ "ಯಾರು ಮಾಡಿದರು" ಕಾಲಮು ಇಲ್ಲದಿದ್ದರೆ ಹೊರಗೆ ಬರುತ್ತಿರಲಿಲ್ಲ. ಹೆಸರುಗಳನ್ನು ದಾಖಲಾತಿ ಪುಸ್ತಕದೊಂದಿಗೆ ತಾಳೆ ನೋಡಿ, ಮಕ್ಕಳಿಂದಲೇ ಓದಿಸಿ ಸಹಿ ಹಾಕಿಸಿಕೊಂಡ ಮೇಲೆಯೇ ಮುದ್ರಣಕ್ಕೆ ಕೊಟ್ಟದ್ದು. ಐದು ಹೆಸರುಗಳಲ್ಲಿ ಇನಿಷಿಯಲ್ ಅಥವಾ ಅಡ್ಡಹೆಸರು ತಪ್ಪಿತ್ತು.

ಆ ದಿನ

ಮುಖ್ಯ ಅತಿಥಿ ನಲುವತ್ತು ನಿಮಿಷ ತಡ. ಹೀಗಾದೀತೆಂದು ಮೊದಲೇ ಯೋಚಿಸಿ, 2.30ಕ್ಕೆ ತೋಟದ ಸುತ್ತು ಆರಂಭಿಸುವುದು, ಉದ್ಘಾಟನೆಯನ್ನು ಅದರ ನಂತರಕ್ಕೆ ಇಡುವುದು ಎಂದು ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದಿದ್ದರು. ಸುತ್ತು ನಿಧಾನವಾಗಿ ಸಾಗಿ, ಅತಿಥಿ ಬಂದು ಸೇರಿದಾಗ ಐದನೇ ತಂಡದ ಸರದಿ. "ಕಾಯಿಯೇ ಇಲ್ಲವಲ್ಲ ಮಕ್ಕಳೇ?" ಎಂದು ಅವರು ಕೇಳಿದರು. ನಾಟಿ ದಿನಾಂಕ, ಮೊಗ್ಗು ಕಂಡ ದಿನ, ಮೊದಲ ಕೊಯ್ಲು ಜನವರಿ ಕೊನೆಗೆ ಯಾಕೆ ಎಂಬುದನ್ನು ಹುಡುಗಿಯೊಬ್ಬಳು ಪುಸ್ತಕ ತೆರೆದು ತೋರಿಸಿದಳು. ಬಳಿಕ ಸಭಾಂಗಣದಲ್ಲಿ ಕಳಸೆಗೆ (ಭತ್ತ ಅಳೆಯುವ ಪಾತ್ರೆಗೆ) ಭತ್ತ ಸುರಿದು ಉದ್ಘಾಟನೆ. ಮೊದಲ ಗೌರವ ಅಡುಗೆಯವರಿಬ್ಬರಿಗೆ, ಕ್ಯಾಲೆಂಡರಿನ ಲೆಕ್ಕಕ್ಕಾಗಿ. ಅತಿಥಿಗಳ ಮಾತು ಎರಡೆರಡು ನಿಮಿಷಕ್ಕೆ ಇಳಿಯಿತು, ಪ್ರಶಸ್ತಿ ಪತ್ರದ ಒಂದು ವಾಕ್ಯವೂ ಬಿಡಲಿಲ್ಲ. ನಿರೂಪಣೆ, ಓದು, ವಂದನಾರ್ಪಣೆ ಎಲ್ಲ ಮಕ್ಕಳದೇ. ಹೋಗುವಾಗ ಪ್ರತಿ ಮಗುವಿನ ಕೈಗೆ ಎರಡು ಗೆಣ್ಣಿನ ಬಸಳೆ ಬಳ್ಳಿಯ ತುಂಡು, ಆರನೇ ತಂಡದ ಚಪ್ಪರದಿಂದ.

ಎಡವಿದ್ದು ಏಳನೇ ತಂಡದಲ್ಲಿ. ಬಹುಮಾನ ಎಲ್ಲರಿಗೂ ಇದೆ ಎಂದು ತಿಳಿದ ಮೇಲೆ ಆ ತಂಡ ಪುಸ್ತಕ ಬರೆಯುವುದನ್ನು ನಿಲ್ಲಿಸಿತ್ತು. ಬರೆದದ್ದಿಲ್ಲವಾದ್ದರಿಂದ ಆರೂ ಮಂದಿಗೆ "ತೋಟದ ಕೆಲಸದಲ್ಲಿ ಉತ್ತಮವಾಗಿ ಭಾಗವಹಿಸಿದ್ದಕ್ಕೆ" ಎಂಬ ಒಂದೇ ಸಾಲು ಹೋಯಿತು. ಬೇರೆ 36 ಮಕ್ಕಳ ಸಾಲುಗಳ ನಡುವೆ ಅದು ಆರು ಸಲ ಕೇಳಿದಾಗ ಸಭೆಗೇ ಗೊತ್ತಾಯಿತು. ಕಾರ್ಯಕ್ರಮ ಮುಗಿದ ಕೂಡಲೇ ಮಕ್ಕಳು ಪತ್ರ ಅದಲುಬದಲು ಮಾಡಿ ಓದಿದರು. ಆ ಆರು ಮಂದಿಯಲ್ಲಿ ಇಬ್ಬರು ತಮ್ಮದನ್ನು ಚೀಲಕ್ಕೆ ತುರುಕಿಕೊಂಡರು. ವಾಡಿಕೆಯ ಹೊಗಳಿಕೆ ಎಲ್ಲರಿಗೂ ಸಿಗುವಲ್ಲಿ ಯಾರಿಗೂ ನೋವಾಗುವುದಿಲ್ಲ. ಉಳಿದವರಿಗೆ ನಿಜವಾದ ಮಾತು ಸಿಕ್ಕಾಗ ಅದೇ ಹೊಗಳಿಕೆ ಚುಚ್ಚುತ್ತದೆ. ನಾಲ್ಕನೇ ಅನಿರೀಕ್ಷಿತ ಭೇಟಿಯ ಹೊತ್ತಿಗೇ ಖಾಲಿ ಪುಟಗಳು ಕಂಡಿದ್ದವು. ಆಗಲೇ ಆ ಮಕ್ಕಳನ್ನು ಕೂರಿಸಿ ಮಾತಾಡಿಸಿದ್ದರೆ ಸಾಕಿತ್ತು.

ಮರುದಿನ ಪ್ರಶಿಕ್ಷಣಾರ್ಥಿ ಆರು ಮಂದಿಯೊಂದಿಗೆ ಗೊಬ್ಬರದ ಗುಂಡಿಯ ಬಳಿ ನಿಂತು ಒಬ್ಬೊಬ್ಬರನ್ನೇ ಕೇಳಿದರು. ಒಣ ಎಲೆ, ಸಗಣಿ, ಮಣ್ಣು ಪದರ ಹಾಕಿ ಹದಿನೈದು ದಿನಕ್ಕೊಮ್ಮೆ ಗುಂಡಿ ಮಗುಚುತ್ತಿದ್ದವರು ಅವರೇ, ಏಳೂ ತಂಡದ ಪರವಾಗಿ. ಕಾಲಮು ಮಡಿಯ ಕೆಲಸಕ್ಕೆ ಮಾತ್ರ ಇದ್ದುದರಿಂದ ಗುಂಡಿಯ ಕೆಲಸಕ್ಕೆ ಬರೆಯುವ ಜಾಗವೇ ಇರಲಿಲ್ಲ. ಹೊಸ ಸಾಲುಗಳೊಂದಿಗೆ ಪತ್ರ ಮತ್ತೆ ಮುದ್ರಿಸಿ, ಇಂಟರ್ನ್‌ಶಿಪ್ ಮುಗಿಯುವ ಮುನ್ನ ಬೆಳಗಿನ ಪ್ರಾರ್ಥನೆಯಲ್ಲಿ ಕೊಟ್ಟರು.

ಶಾಲೆಯಲ್ಲಿ ಉಳಿದದ್ದು

ಪ್ರಶಿಕ್ಷಣಾರ್ಥಿ ಬಿಟ್ಟುಹೋದ ಫೈಲಿನಲ್ಲಿ ಮಡಿಗಳ ನಕ್ಷೆ ಇದೆ: ಎಲ್ಲಿ ನೆರಳು, ಎಲ್ಲಿ ಮುರಕಲ್ಲು, ಯಾವ ಮಡಿಯಲ್ಲಿ ಯಾವ ಬೆಳೆ ಇತ್ತು. ಬೆಂಡೆ ಇದ್ದಲ್ಲಿ ಮುಂದಿನ ಸಲ ಅಲಸಂದೆ ಎಂದು ಗುರುತು ಹಾಕಿದೆ. ನೆರಳಿನ ಎರಡು ಮಡಿಗಳನ್ನು ಸ್ಪರ್ಧೆಯಿಂದ ತೆಗೆದು ಕೆಸು, ಶುಂಠಿ, ಅರಿಶಿನಕ್ಕೆ ಬಿಡಲು ಸೂಚನೆ ಇದೆ. ಬೆಳೆಯ ಎದುರು ಮೊದಲ ಕೊಯ್ಲಿನ ದಿನ, ಅಂಕಪಟ್ಟಿಯಲ್ಲಿ ಗೊಬ್ಬರದ ಗುಂಡಿಗೊಂದು ಕಾಲಮು. ಪಟ್ಟಿಯನ್ನು ಬಿತ್ತನೆಗೆ ಮೊದಲೇ ಗೋಡೆಗೆ ಅಂಟಿಸುವುದು ಎಂದು ಮಾರ್ಗದರ್ಶಕಿ ತಮ್ಮ ಕೈಬರಹದಲ್ಲಿ ಸೇರಿಸಿದ್ದಾರೆ.

ದಿನಾಂಕದ ಪ್ರಶ್ನೆ ಅರ್ಧ ಬಗೆಹರಿದಿದೆ. ಜನವರಿ ಕೊನೆಗೆ ಇಟ್ಟರೆ ಗುಳ್ಳ ಕೊಯ್ಲಿಗೆ ಬರುತ್ತದೆ, ಆದರೆ ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗಳ ಗಡಿಬಿಡಿ, ಪ್ರಶಿಕ್ಷಣಾರ್ಥಿಗಳೂ ಹೋಗಿರುತ್ತಾರೆ. ಸದ್ಯಕ್ಕೆ ಡಿಸೆಂಬರ್ 23 ಉಳಿಸಿ, 60 ದಿನದೊಳಗೆ ಕೊಯ್ಲಿಗೆ ಬರುವ ಬೆಳೆಯೊಂದನ್ನು ಪ್ರತಿ ತಂಡದ ಒಂದು ಮಡಿಗೆ ಕಡ್ಡಾಯ ಮಾಡಿದ್ದಾರೆ.

ಪೋಷಕರ ವಿಷಯ ಮಾತ್ರ ಹಾಗೆಯೇ ಇದೆ. 42 ಮನೆಗಳಿಂದ ಬಂದವರು 19. ಗದಗದ ಹುಡುಗನ ತಂದೆತಾಯಿ ಬರಲಿಲ್ಲ. ಮಧ್ಯಾಹ್ನ ಬಂದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಸಂಜೆ 5.30ರ ನಂತರ ಇಡೋಣವೆಂದರೆ ಒಳದಾರಿಯ ಮಕ್ಕಳಿಗೆ ಬಸ್ಸಿಲ್ಲ. ಭಾನುವಾರ ಬೆಳಗ್ಗೆ ತೋಟದ ಸುತ್ತನ್ನಷ್ಟೇ ಪೋಷಕರಿಗಾಗಿ ಮತ್ತೊಮ್ಮೆ ನಡೆಸುವ ಪ್ರಸ್ತಾವವನ್ನು ಮುಖ್ಯ ಶಿಕ್ಷಕರು ಎಸ್‌ಡಿಎಂಸಿಯ ಮುಂದಿಟ್ಟಿದ್ದಾರೆ.